ಮೋಟಾರು ಕೇಳಿಸಿಕೊಂಡ ಮಾತು

"ನಿಂತೋಯ್ತು ದೊಡ್ಡಪ್ಪ," ಅಂದಳು ಕಾವ್ಯ.

ಬೆಳಿಗ್ಗೆಯಿಂದ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಿಡುವಿಲ್ಲದೆ ಹರಿಯುತ್ತಿದ್ದ ಸಾಲುಗಳು ಒಂದು ಕೆಂಪು ಗೆರೆಯ ಹತ್ತಿರ ಗಕ್ಕನೆ ನಿಂತುಬಿಟ್ಟಿದ್ದವು. ನಾನು ಮಂಡಕ್ಕಿ ತಟ್ಟೆ ಕೆಳಗಿಟ್ಟು ಕನ್ನಡಕ ಹಾಕಿಕೊಂಡೆ. ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ. ನನಗೆ ಕಾಣುತ್ತಿದ್ದದ್ದು ಅಂಕೆಗಳ ಗುಡ್ಡೆ ಮಾತ್ರ.

"ಕೆಟ್ಟೋಯ್ತಾ?"

"ಕೆಟ್ಟಿಲ್ಲ. ಹಿಡಿದೈತೆ."

ಹಿಡಿಯಬೇಕಾಗಿದ್ದು ಏನು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಗೌರಸಮುದ್ರದ ಓಬಳೇಶ್ ತನ್ನ ಬೋರ್‌ವೆಲ್ ಹತ್ತಿರ ಕೂತು ಕೇಬಲ್ ಜಾಯಿಂಟಿಗೆ ಟೇಪು ಸುತ್ತುತ್ತಿದ್ದಾಗ, ಆಫ್ ಆಗಿದ್ದ ಮೋಟಾರು ಆನ್ ಆಗಿ ಕರೆಂಟು ಹೊಡೆದು ಸತ್ತ. ಆನ್ ಮಾಡಿದವನು ಒಡಹುಟ್ಟಿದ ತಮ್ಮ ಪ್ರಭು ಎಂದು ಪೊಲೀಸರು ಅವನನ್ನು ಒಳಗೆ ಹಾಕಿದರು.

ನಾಳೆ ಚಿತ್ರದುರ್ಗದ ಸೆಷನ್ಸ್ ಕೋರ್ಟಿನಲ್ಲಿ ಪ್ರಭುವಿನ ಮೇಲಿನ ಆರೋಪ ಓದುತ್ತಾರೆ. ಓದಿ, ಒಪ್ಪಿಕೊಳ್ಳುತ್ತೀಯಾ ಎಂದು ಕೇಳುತ್ತಾರೆ. ಒಪ್ಪಿಕೊಳ್ಳುತ್ತೇನೆ ಎಂದು ಅವನು ವಕೀಲರಿಗೆ ಆಗಲೇ ಹೇಳಿದ್ದ. ಜೈಲಿಗೆ ಹೋಗಿ ಕೇಳಿದರೆ ನನ್ನ ಹತ್ತಿರವೂ ಅದೇ ರಾಗ. "ಕೆದಕಬ್ಯಾಡ್ರಿ ಸಾರ್. ಆಗಿದ್ದು ಆಗೋಯ್ತು," ಅಂದು ಗೋಡೆಯ ಕಡೆ ತಿರುಗಿದ್ದ.

ಕೆದಕಬೇಡ ಅಂದರೆ ಕೆದಕುವುದು ನನ್ನ ಹುಟ್ಟುಗುಣ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು, ರಿಟೈರಾದ ಮೇಲೂ ಸುಮ್ಮನೆ ಕೂರಲಾಗದೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯೊಂದರ ಮೇಲೆ ಕೋಣೆ ಹಿಡಿದು 'ತಿಪ್ಪೇರುದ್ರ, ಖಾಸಗಿ ತನಿಖೆ' ಎಂದು ಬೋರ್ಡು ಹಾಕಿದವನು ನಾನು. ಆ ಕೋಣೆಯ ಮೆಟ್ಟಿಲು ಹತ್ತಿ ಬಂದವಳು ಇಬ್ಬರ ತಾಯಿ ದುರುಗಕ್ಕ. ಒಬ್ಬ ಮಗ ಮಣ್ಣಿಗೆ ಹೋಗಿದ್ದ, ಇನ್ನೊಬ್ಬ ಜೈಲಿಗೆ ಹೋಗಿದ್ದ. ಮಗ ಸತ್ತ ಜಾಗದ ಮಣ್ಣನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳು.

"ಪ್ರಭು ಮಾಡಿಲ್ಲ. ಮಾಡಿದೋನು ಯಾರು ಅಂತ ಗುರುತು ಹಿಡಿದು ಕೊಡಪ್ಪ," ಅಂದಿದ್ದಳು. "ಅವನ ಹೊಸ್ತಿಲಿಗೆ ಈ ಮಣ್ಣು ತೂರ್ತೀನಿ. ಅಲ್ಲಿಗಂಟ ಗಂಟು ಬಿಚ್ಚಲ್ಲ."

ಮಣ್ಣು ತೂರಿ ಹಾಕಿದ ಶಾಪ ಮೂರು ತಲೆಮಾರು ಕಾಯುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ನಾನು ನಂಬುವವನಲ್ಲ. ಆದರೂ ಆ ಗಂಟು ನೋಡಿ ಇಲ್ಲ ಅನ್ನಲಾಗಲಿಲ್ಲ.

ಪ್ರಭುವಿನ ಮೇಲಿದ್ದ ಸಾಕ್ಷಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಆ ಬೋರ್‌ವೆಲ್ಲಿಗೆ ಇದ್ದದ್ದು ಮೊಬೈಲ್ ಸ್ಟಾರ್ಟರ್. ಹೊಲಕ್ಕೆ ಹೋಗುವುದೇ ಬೇಡ, ಮನೆಯಲ್ಲಿ ಕೂತು ಫೋನಿನಿಂದ ಮೆಸೇಜು ಕಳಿಸಿದರೆ ಸಾಕು, ಮೋಟಾರು ಆನ್ ಆಗುತ್ತದೆ, ಆಫ್ ಆಗುತ್ತದೆ. ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಮೊದಲೇ ತುಂಬಿಸಿಟ್ಟ ನಂಬರಿನವರ ಮಾತು ಮಾತ್ರ ಅದು ಕೇಳುತ್ತದೆ. ಇದರಲ್ಲಿ ತುಂಬಿಸಿದ್ದದ್ದು ಅಣ್ಣ ತಮ್ಮ ಇಬ್ಬರದೇ ನಂಬರು.

ಮೋಟಾರು ಆನ್ ಆದ ಮೇಲೆ, ಕೊನೆಯ ಸಲ ಆಜ್ಞೆ ಕೊಟ್ಟವನಿಗೆ ಡಬ್ಬಿ 'ಮೋಟಾರ್ ಆನ್' ಎಂದು ಉತ್ತರ ಕಳಿಸುತ್ತದೆ. ಓಬಳೇಶ್ ಸತ್ತ ಹೊತ್ತಿಗೆ ಸರಿಯಾಗಿ ಅಂಥ ಉತ್ತರ ಪ್ರಭುವಿನ ಫೋನಿಗೆ ಬಂದಿತ್ತು. ಅದನ್ನು ಅವನು ಅಳಿಸಿಹಾಕಿದ್ದ. ನೀರಿನ ಪಾಳಿಗಾಗಿ ಅಣ್ಣ ತಮ್ಮ ವಾರದಿಂದ ಮಾತು ಬಿಟ್ಟಿದ್ದರು ಎಂಬುದು ಊರಿಗೇ ಗೊತ್ತಿತ್ತು. ಇನ್ನೇನು ಬೇಕು?

ಓಬಳೇಶನ ತಪ್ಪೂ ಇತ್ತು, ಆದರೆ ಅದು ಈಗ ನಮ್ಮ ಸೀಮೆಯ ಎಲ್ಲರೂ ಮಾಡುವ ತಪ್ಪು. ಹಿಂದೆ ಮೋಟಾರಿಗೆ ಕೈ ಹಾಕುವ ಮುಂಚೆ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೊಬೈಲ್ ಸ್ಟಾರ್ಟರ್ ಬಂದ ಮೇಲೆ, ಫೋನಿನಲ್ಲೇ ಆಫ್ ಆಗಿದೆಯಲ್ಲ ಎಂದು ಫ್ಯೂಜಿನ ಗೋಜಿಗೇ ಹೋಗುವುದಿಲ್ಲ. ಅವನೂ ಹೋಗಿರಲಿಲ್ಲ.

"ಸರಿಯಾಗಿ ಹೇಳು ತಾಯಿ," ಅಂದೆ. "ಏನು ಹಿಡಿದಿದೆ?"

ಕಾವ್ಯ ನನ್ನ ಹಳೆಯ ಜೊತೆಗಾರನ ಮಗಳು. ಕುದಾಪುರದ ಸರ್ಕಾರಿ ಸಂಶೋಧನಾ ಕ್ಯಾಂಪಸ್ಸೊಂದರಲ್ಲಿ ಕಂಪ್ಯೂಟರಿನ ಗುತ್ತಿಗೆ ಕೆಲಸ. ಅಲ್ಲಿಗೆ ಸ್ವಂತ ಫೋನನ್ನೂ ಒಯ್ಯುವ ಹಾಗಿಲ್ಲ. ಹಾಗಾಗಿ ನನ್ನ ಕೆಲಸವನ್ನು ಅವಳು ಚಳ್ಳಕೆರೆಯ ಮನೆಯ ಹಿಂದಿನ ಕೋಣೆಯಲ್ಲಿ, ರಜೆಯ ದಿನ ಮಾತ್ರ ಮಾಡುತ್ತಿದ್ದಳು. ಆ ಸ್ಟಾರ್ಟರ್ ಒಳಗಿನ ಪ್ರೋಗ್ರಾಮಿನ ನಕಲು, ಸಿಮ್ಮಿನಲ್ಲಿದ್ದ ಮೆಸೇಜುಗಳ ನಕಲು, ಎರಡನ್ನೂ ವಕೀಲರು ಕೋರ್ಟಿನ ಮೂಲಕ ತರಿಸಿಕೊಟ್ಟಿದ್ದರು. ಡಬ್ಬಿ ನಮ್ಮ ಹತ್ತಿರ ಇರಲಿಲ್ಲ. ಇವಳು ಎಮ್ಯುಲೇಟರ್ ಹಾಕಿಕೊಂಡು ಕೂತಳು.

ಎಮ್ಯುಲೇಟರ್ ಅಂದರೆ ಅಣಕು ಯಂತ್ರ. ಕಂಪ್ಯೂಟರಿನ ಒಳಗೇ ಇನ್ನೊಂದು ಚಿಪ್ಪು ಇದೆ ಎಂದು ಪ್ರೋಗ್ರಾಮನ್ನು ನಂಬಿಸಿ ಓಡಿಸುತ್ತದೆ. ಅದರ ಒಳಗಿನ ಬರಹವೆಲ್ಲ ಬಯಲಿನಲ್ಲಿದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕಾಸು ಕೊಡಬೇಕಾಗಿಲ್ಲ. ಇದಿಷ್ಟು ನನಗೆ ಅರ್ಥವಾಗಿತ್ತು, ಮುಂದಿನದಕ್ಕೆ ಅವಳೇ ದಿಕ್ಕು.

"ಹೋದ ವಾರ ಎಲ್ಲಾ ಮೆಸೇಜು ಒಂದೊಂದಾಗಿ ಇದ್ರ ಬಾಯಿಗೆ ಹಾಕಿದ್ನಲ್ಲ ದೊಡ್ಡಪ್ಪ, ಎಲ್ಲಾ ನುಂಗ್ಕೊಂಡು ಸುಮ್ಕಿತ್ತು. ಯಾಕೆ ಅಂದ್ರೆ ಇದ್ರಾಗೆ ಮೋಟಾರೂ ಇಲ್ಲ, ಸಾಯೋಕೆ ಮನುಷ್ಯನೂ ಇಲ್ಲ. ತಪ್ಪು ನಡೆದ್ರೂ ತೋರಲ್ಲ."

"ಇವತ್ತು ಏನು ಮಾಡಿದೆ?"

"ಈ ಚಿಪ್ಪಿನ ಜಾತಿಗೆ ಒಂದು ಕಾವಲು ಇರ್ತೈತೆ. ಒಳಗಡೆ ಯಾವ ಜಾಗಕ್ಕೆ ಯಾರು ಕಾಲಿಡಬೋದು, ಯಾರು ಇಡಬಾರ್ದು ಅಂತ ನೋಡ್ಕೊಳ್ಳೋದು. ಮಾಡಿದೋರು ಅದನ್ನ ಆನ್ ಮಾಡಿಲ್ಲ. ಎಮ್ಯುಲೇಟರ್‌ನಾಗೂ ಈ ಬೋರ್ಡಿಗೆ ಅದು ಆಫ್ ಆಗೇ ಇತ್ತು. ನಾನು ಒಳಗೆ ಹೋಗಿ ನಾಕು ಸಾಲು ತಿದ್ದಿ ಆನ್ ಮಾಡಿದೆ. ಮೆಸೇಜು ಇಡೋ ಜಾಗದ ಸುತ್ತ ಬೇಲಿ ಹಾಕ್ದೆ."

ಅವಳು ಕೆಂಪು ಗೆರೆಯ ಮೇಲೆ ಬೆರಳಿಟ್ಟಳು. "ಈ ಒಂದು ಮೆಸೇಜು ಬೇಲಿ ಹಾರಿ ಆಚೆ ಬಿದ್ದೈತೆ."

"ಆಚೆ ಏನಿದೆ?"

"ಮೋಟಾರು ಆನ್ ಇರ್ಬೇಕಾ ಆಫ್ ಇರ್ಬೇಕಾ ಅನ್ನೋ ಅಂಕೆ. ಸೊನ್ನೆ ಇದ್ರೆ ಆಫ್. ಸೊನ್ನೆ ಬಿಟ್ಟು ಏನೇ ಬಂದು ಕೂತ್ರೂ ಆನ್."

"ಅಂದರೆ ನಂಬರು ತುಂಬಿಸದವನೂ ಮೋಟಾರು ಆನ್ ಮಾಡಬಹುದು."

"ಮಾಡ್ಬೇಕು ಅಂತ ಇರ್ಲೇಬೇಕಾಗಿಲ್ಲ. ಮೆಸೇಜು ಉದ್ದ ಇದ್ರೆ ಸಾಕು. ಬಂದ ಹೊತ್ತು ನೋಡ್ರಿ, ಅವನು ಸತ್ತ ಹೊತ್ತೇ."

"ಪ್ರಭುಗೆ ಉತ್ತರ ಹೋದದ್ದು?"

"ಅವತ್ತು ಬೆಳಿಗ್ಗೆ ಪಾಳಿ ಅವಂದು. ಕೊನೆಗೆ ಆಫ್ ಅಂತ ಆಜ್ಞೆ ಕೊಟ್ಟೋನು ಅವನೇ. ಮೋಟಾರು ತಂತಾನೇ ಆನ್ ಆದ್ರೂ ಉತ್ತರ ಅವನಿಗೇ ಹೋಗ್ತೈತೆ."

ಸಂತೋಷ ಅನ್ನುವುದು ಈ ಕೇಸಿನಲ್ಲಿ ನನಗೆ ಆದದ್ದು ಆಗ ಒಂದೇ ಸಲ. ಎದ್ದು ನಿಂತು ಅವಳ ತಲೆ ಸವರಿದೆ. ದುರುಗಕ್ಕನ ಒಬ್ಬ ಮಗನಾದರೂ ಮನೆಗೆ ಬರುತ್ತಾನೆ ಅಂದುಕೊಂಡೆ.

"ಯಾರ ಮೆಸೇಜು ಅದು? ಏನು ಬರೆದಿದೆ?"

"ಕಳಿಸ್ದೋರ ನಂಬರು, ಹೊರಗಿನೋರ ಗುಟ್ಟು ಅಂತ, ಪೊಲೀಸ್ ಲ್ಯಾಬ್‌ನೋರೇ ಅಳಿಸಿ ಕೊಟ್ಟವ್ರೆ. ಕನ್ನಡದ ಮೆಸೇಜು ಅನ್ನೋದು ಗೊತ್ತಾಯ್ತು. ನಾಕೈದು ತುಂಡಾಗಿ ಬಂದೈತೆ, ಎಲ್ಲಾ ಅಂಕೆನಾಗೆ ಐತೆ. ಜೋಡಿಸಿ ಓದೋ ಹಂಗೆ ಮಾಡಿ ಫೋನಿಗೆ ಕಳಿಸ್ತೀನಿ, ಕೂತ್ಕೊಳ್ರಿ."

ಕೂರುವಷ್ಟು ತಾಳ್ಮೆ ಇದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಸ್ಟಾರ್ಟರಿನ ಹಳೆಯ ಸಿಮ್ಮಿಗೆ ಏನೇನು ಬಂದು ಬೀಳುತ್ತಿತ್ತು ಎಂದು ನಾನು ಮೊದಲೇ ನೋಡಿದ್ದೆ. ಸ್ಟಾರ್ಟರಿಗೆಂದು ಹೊಸ ಸಿಮ್ ನಮ್ಮಲ್ಲಿ ಯಾರೂ ತರುವುದಿಲ್ಲ. ತಮ್ಮ ಹಳೆಯದನ್ನು ಅದಕ್ಕೆ ಹಾಕಿ ಹೊಸ ನಂಬರು ತಾವು ಇಟ್ಟುಕೊಳ್ಳುತ್ತಾರೆ. ಓಬಳೇಶನೂ ಹಾಗೇ ಮಾಡಿದ್ದ. ಹಾಗಾಗಿ ಅವನಿಗೆ ಬರಬೇಕಾದ ರೀಚಾರ್ಜ್ ಆಫರು, ಲಾಟರಿ ಮೋಸ, ಯಾರದೋ ಗೃಹಪ್ರವೇಶ, ಎಲ್ಲವೂ ಮೋಟಾರಿಗೆ ಬರುತ್ತಿದ್ದವು. ಇದೂ ಅಂಥದ್ದೇ ಯಾವುದೋ ಇರುತ್ತದೆ, ಅದನ್ನು ಆಮೇಲೆ ಓದಿದರಾಯಿತು ಎಂದು ಚಪ್ಪಲಿ ಮೆಟ್ಟಿ ಹೊರಟೆ. ಮೊದಲು ಈ ಡಬ್ಬಿ ಮಾಡಿದವನ ಮುಖ ನೋಡಬೇಕಿತ್ತು.

*

ಓಬಳೇಶನ ಹೊಲದಲ್ಲಿದ್ದ 'ನೀರಗಂಟಿ' ಸ್ಟಾರ್ಟರ್ ತಯಾರಾಗುವುದು ಚಳ್ಳಕೆರೆಯಲ್ಲೇ, ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಗೋದಾಮಿನಲ್ಲಿ. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ ಶೇಂಗಾ ಹಿಂಡಿಯ ವಾಸನೆ ಗೋಡೆ ಬಿಟ್ಟಿಲ್ಲ. ಭಾನುವಾರವಾದ್ದರಿಂದ ಕೆಲಸದವರು ಇರಲಿಲ್ಲ. ಮಾಲೀಕ ವೀರೇಶ ಒಬ್ಬನೇ ಬೆಂಚಿನ ಮುಂದೆ ಕೂತು ಬೋರ್ಡೊಂದಕ್ಕೆ ಬೆಸುಗೆ ಹಾಕುತ್ತಿದ್ದ. ನಲವತ್ತು ದಾಟಿದ ಆಳು, ಶುಭ್ರ ಬಿಳಿ ಅಂಗಿ, ಮಾತಿನಲ್ಲಿ ಬೆಣ್ಣೆ.

"ಬರ್ರಿ ಬರ್ರಿ, ಕೂತ್ಕೊಳ್ರಿ. ಪೊಲೀಸ್ನೋರಿಗೆ ಎಲ್ಲಾ ಹೇಳೀನಲ್ರಿ. ತುಂಬಿಸಿದ ನಂಬರು ಬಿಟ್ಟು ಬೇರೆಯೋರ ಮಾತು ನಮ್ಮ ಸ್ಟಾರ್ಟರ್ ಕೇಳಲ್ಲ."

"ಅದಲ್ಲ ವೀರೇಶ್. ಒಂದು ಸಣ್ಣ ಅನುಮಾನ. ಅದಕ್ಕೆ ಕನ್ನಡದಲ್ಲಿ ಒಂದು ಉದ್ದನೆಯ ಮೆಸೇಜು ಬಂದರೆ ಏನಾಗುತ್ತೆ?"

ಬೆಸುಗೆ ಕಡ್ಡಿಯಿಂದ ಏಳುತ್ತಿದ್ದ ಹೊಗೆ ಹಾಗೇ ಮೇಲೆ ಹೋಯಿತು. ಅವನ ಕೈ ಮಾತ್ರ ಅಲ್ಲೇ ನಿಂತಿತು.

"ಈಗಿನ ಮಾಲಿನಾಗೆ ಏನೂ ಆಗಲ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಈಗಿನದು, ಹಳೆಯದು ಎಂದು ವಿಂಗಡಿಸಿ ಕೇಳಿರಲಿಲ್ಲ.

"ಓಬಳೇಶ್ ತಗೊಂಡದ್ದು ಹಳೇ ಮಾಲು ಅಲ್ವಾ?"

ಅವನು ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟ. ಪ್ಲಗ್ಗು ಕಿತ್ತ. ಬಾಗಿಲ ಕಡೆ ಒಂದು ಸಲ ನೋಡಿದ. ನಾನು ಕಾವ್ಯಳ ಪರದೆಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅವನು ಅಡ್ಡ ಮಾತಾಡದೆ ಕೇಳಿದ. ಕೇಳುತ್ತಾ ಕೇಳುತ್ತಾ ಮುಖ ಸೋತುಹೋಯಿತು.

"ಆನ್, ಆಫ್ ಅಂತ ಇಂಗ್ಲಿಷಿನಾಗೆ ಎರಡು ಮಾತು ರಿ. ಅಷ್ಟಕ್ಕೆ ಎಷ್ಟು ಜಾಗ ಬೇಕೋ ಅದಕ್ಕಿಂತ ಜಾಸ್ತೀನೇ ಬಿಟ್ಟಿದ್ದೆ. ಕನ್ನಡದ ಒಂದೊಂದು ಅಕ್ಷರ ಎರಡರಷ್ಟು, ನಾಕರಷ್ಟು ಜಾಗ ತಿಂತೈತೆ. ಉದ್ದ ಇದ್ರೆ ತುಂಡು ತುಂಡಾಗಿ ಬರ್ತೈತೆ, ನಾನು ಅದನ್ನೆಲ್ಲ ಒಂದೇ ಕಡೆ ಜೋಡಿಸ್ತಿದ್ದೆ. ಮೋಟಾರಿಗೆ ಕನ್ನಡದಾಗೆ ಕಾಗದ ಯಾರು ಬರೀತಾರೆ ಅಂತ ತಿಳ್ಕೊಳ್ಳಲಿ ನಾನು?"

"ಕಾವಲು ಯಾಕೆ ಆನ್ ಮಾಡಲಿಲ್ಲ?"

"ಪರೀಕ್ಷೆ ಮಾಡೋವಾಗ ಅಡ್ಡ ಬರ್ತಿತ್ತು. ಮಾತ್ಮಾತಿಗೂ ನಿಂತೋಗ್ತಿತ್ತು. ಆಮೇಲೆ ಆನ್ ಮಾಡಾನ ಅಂತ ತೆಗೆದಿಟ್ಟೆ."

ಆಮೇಲೆ ಅನ್ನುವುದು ಬರಲೇ ಇಲ್ಲ. ಮಾತ್ಮಾತಿಗೂ ಯಾಕೆ ನಿಲ್ಲುತ್ತಿದೆ ಎಂದು ಒಂದು ಸಲ ಬಗ್ಗಿ ನೋಡಿದ್ದರೆ ಓಬಳೇಶ್ ಇವತ್ತು ಶೇಂಗಾಕ್ಕೆ ನೀರು ಹಾಯಿಸುತ್ತಿರುತ್ತಿದ್ದ.

"ಬೇರೆ ಕಡೆ ಹೀಗೆ ಆಗಿರಲಿಲ್ವಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಉಳ್ಳಾರ್ತಿ ಕಡೆಯೋರು ಒಬ್ರು ಬಂದಿದ್ರು, ಮೋಟಾರು ತಂತಾನೇ ಆನ್ ಆಗ್ತೈತೆ, ಏನೋ ಗಾಳಿ ಇರ್ಬೇಕು ಅಂತ. ಸಿಮ್ ಬದಲಾಯಿಸ್ರಿ ಅಂದೆ. ಬದಲಾಯಿಸಿದ್ರು, ನಿಂತೋಯ್ತು. ಹೊಸ ಮಾಲಿನಾಗೆ ಸರಿ ಮಾಡ್ದೆ. ಹಳೇದು ತಗೊಂಡೋರಿಗೆ ಹೇಳಿಲ್ಲ."

"ಈ ಮಾತನ್ನು ನಾಳೆ ಕೋರ್ಟಿನಲ್ಲಿ ಹೇಳಬೇಕು."

"ಹೇಳಲ್ಲ ರಿ."

ಇಷ್ಟು ಮೆತ್ತಗೆ, ಇಷ್ಟು ಖಂಡಿತವಾಗಿ ಯಾರೂ ನನಗೆ ಇಲ್ಲ ಅಂದಿರಲಿಲ್ಲ. ನಾನು ಬೆಂಚಿನ ಮೇಲೆ ಕೈಯೂರಿ ಬಗ್ಗಿದೆ. "ನೀನು ಹೇಳದಿದ್ದರೆ ನನ್ನ ಹುಡುಗಿಯ ಲ್ಯಾಪ್‌ಟಾಪು ಹೇಳುತ್ತೆ."

"ಹೇಳಲಿ. ಸರ್ಕಾರಿ ವಕೀಲ್ರು ಒಂದೇ ಮಾತು ಕೇಳ್ತಾರೆ. ಓಬಳೇಶಿ ಹೊಲದ ಡಬ್ಬಿನಾಗೆ ಕಾವಲು ಇತ್ತಾ? ಇರ್ಲಿಲ್ಲ. ಇಲ್ಲದ ಕಾವಲುಗಾರನ್ನ ನೀವೇ ತಂದು ನಿಲ್ಸಿ, ಕಳ್ಳ ಸಿಕ್ಕ ಅಂತೀರಾ? ಯಂತ್ರಾನೇ ಬದಲಾಯಿಸಿ ಯಂತ್ರ ಕೆಟ್ಟೈತೆ ಅಂದ್ರೆ ಯಾರು ನಂಬ್ತಾರ್ರಿ?"

"ಕಾವಲುಗಾರ ಕಳ್ಳನನ್ನು ಹುಟ್ಟಿಸಲ್ಲ ವೀರೇಶ್. ನೋಡ್ತಾನೆ ಅಷ್ಟೆ."

"ಅದು ನಿಮಗೂ ಗೊತ್ತು ನನಗೂ ಗೊತ್ತು. ಕೋರ್ಟಿಗೆ ಗೊತ್ತಾಗ್ಬೇಕು ಅಂದ್ರೆ ಮಾಡಿದೋನು ಬಾಯಿ ಬಿಡಬೇಕು. ನಾನು ಬಿಡಲ್ಲ."

ಅವನ ಅಂಗಿಯ ಕಾಲರು ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಇಲಾಖೆಯಲ್ಲಿದ್ದಾಗ ಎಂದೂ ಯಾರ ಮೇಲೂ ಕೈ ಮಾಡದವನು ಅವತ್ತು ಮಾಡಿಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಅವನೇ ಒಂದು ಮಾತು ಅಂದ.

"ನನ್ನ ಮೇಲೆ ಸಿಟ್ಟಾಗ್ತೀರಿ, ಸರಿ. ಆದ್ರೆ ಬಾಯಿ ಮುಚ್ಕೊಂಡಿರು ಅಂತ ಅಂದೋನು ಪ್ರಭೂನೇ."

ನಾನು ಬೆಂಚಿನಿಂದ ಕೈ ತೆಗೆದೆ.

"ಓಬಳೇಶಿ ಮೂರನೇ ದಿನದ ಹಾಲುತುಪ್ಪ ಮುಗಿಸಿ ಸೀದಾ ಇಲ್ಲಿಗೆ ಬಂದಿದ್ದ. ಆವಾಗ ಇನ್ನೂ ಪೊಲೀಸ್ನೋರು ಅವನ್ನ ಹಿಡಿದಿರ್ಲಿಲ್ಲ. ನೀವು ನಿಂತಿರೋ ಜಾಗದಾಗೇ ನಿಂತು, ನೀವು ಕೇಳಿದ ಮಾತೇ ಕೇಳ್ದ. ಅಣ್ಣಾ, ಕನ್ನಡದಾಗೆ ಉದ್ದಕ್ಕೆ ಒಂದು ಮೆಸೇಜು ಹೋದ್ರೆ ಮೋಟಾರು ಆನ್ ಆಗ್ತೈತಾ ಅಂತ. ನನ್ನ ಕತ್ತಿನ ಪಟ್ಟಿ ಹಿಡೀತಾನೆ ಅಂತ ಹೆದರಿದ್ದೆ ರಿ. ಹೆದರ್ಕೊಂಡೇ ಹೌದು ಅಂದೆ."

"ಆಮೇಲೆ?"

"ನನ್ನ ಕಾಲು ಹಿಡ್ಕೊಂಡ. ಯಾರು ಕೇಳಿದ್ರೂ ಆಗಲ್ಲ ಅಂತ ಹೇಳು, ನಿನ್ನ ಮಕ್ಳ ಮೇಲಾಣೆ ಅಂದ. ಅಳ್ತಾ ಅಳ್ತಾ ಹೋದ."

ಗೋದಾಮಿನಿಂದ ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ರಾಚಿತು. ಮಾಡದ ಕೊಲೆಯಿಂದ ಪಾರಾಗುವ ದಾರಿಯೊಂದು ಪ್ರಭುವಿಗೆ ಮೊದಲ ವಾರವೇ ಗೊತ್ತಾಗಿತ್ತು. ಗೊತ್ತಾಗಿ, ಆ ದಾರಿಗೆ ತಾನೇ ಮುಳ್ಳು ಬಡಿದಿದ್ದ. ಯಾರನ್ನು ಕಾಪಾಡಲು?

*

ಮೊಳಕಾಲ್ಮೂರಿನ ಬಸ್ಸು ತಳಕು ದಾಟಿ ಹಿರೇಹಳ್ಳಿಯ ಹತ್ತಿರ ಬಂದಾಗ ಫೋನಿಗೆ ಕಾವ್ಯಳ ಸಂದೇಶ ಬಂತು. 'ದೊಡ್ಡಪ್ಪ, ಜೋಡಿಸಿದೀನಿ. ಕೂತ್ಕೊಂಡು ಓದ್ರಿ.' ಅದರ ಕೆಳಗೆ ಬೇಲಿ ಹಾರಿದ ಮೆಸೇಜು ಇತ್ತು. ಚುಕ್ಕಿಯಿಲ್ಲ, ನಿಲುಗಡೆಯಿಲ್ಲ. ಬಾಯಲ್ಲಿ ಹೇಳಿದ್ದನ್ನು ಫೋನು ತಾನೇ ಬರೆದುಕೊಂಡರೆ ಹೇಗಿರುತ್ತದೋ ಹಾಗಿತ್ತು.

'ಓಬಳೇಶ ನಾನಪ್ಪ ನಿಮ್ಮವ್ವ ಪ್ರಭು ಇಲ್ಲೇ ಕುಂತವ್ನೆ ಅವನ ಜೊತೆ ಮಾತಾಡೀನಿ ನೀರಿನ ಪಾಳಿ ನೀನು ಹೇಳ್ದಂಗೇ ಆಗ್ಲಿ ಅಂದ ಇನ್ನ ಜಗಳ ಬ್ಯಾಡ ಕಣಪ್ಪ ಇಬ್ರೂ ನನ್ನ ಹೊಟ್ಟೆನಾಗೆ ಹುಟ್ಟಿದೋರು ಬಿಸ್ಲಾಗೆ ಕುಂತು ಕೆಲ್ಸ ಮಾಡ್ಬ್ಯಾಡ ಊಟಕ್ಕೆ ಬಾ ಮುದ್ದೆ ಇಕ್ಕೀನಿ ಹುರುಳಿ ಸಾರು ಐತೆ ನೀನು ಬರೋಗಂಟ ಅವನೂ ಉಣ್ಣಲ್ಲ ಅಂತವ್ನೆ ನಾನೂ ಉಣ್ಣಲ್ಲ ಜಲ್ದಿ ಬಾರೋ ನನ್ನಪ್ಪ'

ನಾನು ಮತ್ತೆ ಓದಲಿಲ್ಲ. ಫೋನನ್ನು ಮೊಣಕಾಲಿನ ಮೇಲೆ ಬೋರಲು ಹಾಕಿದೆ. ಪಕ್ಕದಲ್ಲಿ ಕೂತಿದ್ದವರು ಏನಾಯ್ತು ಯಜಮಾನ್ರೇ ಎಂದು ಕೇಳಿದರು. ಏನಿಲ್ಲ, ಧೂಳು ಅಂದೆ.

ಪ್ರಭು ಅಲ್ಲೇ ಕೂತಿದ್ದ. ಅವ್ವ ಫೋನಿಗೆ ಮಾತಾಡಿ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದ. ಆ ಮಾತು ಮುಗಿದ ಹಿಂದೆಯೇ ತನ್ನ ಫೋನಿಗೆ 'ಮೋಟಾರ್ ಆನ್' ಎಂದು ಬಂದದ್ದನ್ನೂ ಕಂಡಿದ್ದ. ಅವಳ ಫೋನಿನಲ್ಲಿ ಓಬಳೇಶನ ಹಳೆಯ ನಂಬರು ಹಾಗೇ ಇತ್ತು. ಅವಳಾಗಿ ಮಕ್ಕಳಿಗೆ ಫೋನು ಮಾಡಿದವಳಲ್ಲ, ಮಕ್ಕಳೇ ಮಾಡುತ್ತಿದ್ದರು, ಹಾಗಾಗಿ ನಂಬರು ಬದಲಾಗಿಲ್ಲ ಎಂಬುದು, ಅಣ್ಣ ಸತ್ತ ಮೇಲೆ ಅವಳ ಫೋನು ನೋಡುವವರೆಗೆ, ಪ್ರಭುವಿಗೂ ಹೊಳೆದಿರಲಿಕ್ಕಿಲ್ಲ. ಇಬ್ಬರನ್ನು ಒಂದುಮಾಡಿ ಊಟಕ್ಕೆ ಕರೆದ ಮಾತು ಮೋಟಾರಿಗೆ ಹೋಗಿತ್ತು.

ಪೊಲೀಸರು ತನ್ನ ಮೇಲೆ ಬಂದಾಗ ಪ್ರಭುವಿಗೆ ಬಹುಶಃ ನೆಮ್ಮದಿಯಾಗಿರಬೇಕು. ಒಬ್ಬ ಅಪರಾಧಿ ಸಿಕ್ಕರೆ ಹುಡುಕುವುದು ನಿಲ್ಲುತ್ತದಲ್ಲ. ನಿಲ್ಲಿಸದೆ ಹುಡುಕಿದವನು ನಾನೊಬ್ಬ.

ಬಿ.ಜಿ. ಕೆರೆ ಹೋಯಿತು, ಹಾನಗಲ್ ಬಂತು. ಹೇಳಿದರೆ ಪ್ರಭು ಉಳಿಯುತ್ತಾನೋ ಇಲ್ಲವೋ, ವೀರೇಶ ಬಾಯಿ ಬಿಡದೆ ಅದೂ ಖಾತ್ರಿಯಿಲ್ಲ. ಅವ್ವ ಮಾತ್ರ ಖಂಡಿತ ಉಳಿಯುವುದಿಲ್ಲ. ಹೇಳದಿದ್ದರೆ ನಾಳೆ ಅವನು ಹೂಂ ಅನ್ನುತ್ತಾನೆ, ಜೈಲಿನಲ್ಲೇ ಮುದುಕನಾಗುತ್ತಾನೆ. ಅಡಕತ್ತರಿಗೆ ಸಿಕ್ಕಿದ ಅಡಿಕೆ ಅನ್ನುತ್ತಾರೆ, ಅಡಿಕೆಗಾದರೂ ನೋವಾಗುವುದಿಲ್ಲ. ದುರುಗಕ್ಕನಿಗೆ ನಾಳೆ ಕೋರ್ಟಿನ ಹತ್ತಿರವೇ ಸಿಗುತ್ತೇನೆ, ಅಷ್ಟರಲ್ಲಿ ಏನಾದರೂ ಯೋಚಿಸೋಣ ಎಂದು ಬಸ್ಸಿನಿಂದ ಇಳಿದೆ.

ಸೀರೆ ಅಂಗಡಿಯ ಯರ್ರಮ್ಮ ಬಾಗಿಲಲ್ಲೇ ತಡೆದಳು. "ಸಾರ್, ಆ ಅವ್ವ ಪೊದ್ದುನ್ನೇ, ಬೆಳಿಗ್ಗೇನೇ ಬಂದೈತೆ. ಮೇಲೆ ಕುಂತೈತೆ. ಅನ್ನಂ ತಿನಲೇದು, ಉಂಡಿಲ್ಲ. ಕರೆದ್ರೂ ಬರ್ಲಿಲ್ಲ, ನೀರೂ ಮುಟ್ಟಿಲ್ಲ."

*

ದುರುಗಕ್ಕ ನನ್ನ ಕೋಣೆಯ ಬಾಗಿಲ ಮುಂದೆ, ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಏಳಲು ಹೋದಳು. ನಾನು ಬೇಡವೆಂದು ಕೈ ಮಾಡಿ ಅವಳಿಗಿಂತ ಎರಡು ಮೆಟ್ಟಿಲು ಕೆಳಗೇ ಕೂತೆ. ಎದುರುಬದುರು ಕೂರುವ ಧೈರ್ಯ ನನಗಿರಲಿಲ್ಲ.

"ಗುರುತು ಸಿಕ್ತೇನಪ್ಪ?"

"ಪ್ರಭು ಮಾಡಿಲ್ಲ ದುರುಗಕ್ಕ. ಅದಂತೂ ಗೊತ್ತಾಯ್ತು."

ಅವಳು ಕಣ್ಣು ಮುಚ್ಚಿ ಎರಡೂ ಕೈಯೆತ್ತಿ ಮುಗಿದಳು. ಯಾವ ದೇವರಿಗೋ, ನನಗೋ ತಿಳಿಯಲಿಲ್ಲ. ನನಗೇ ಆಗಿದ್ದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

"ಅದು ನನಗೆ ಗೊತ್ತಿತ್ತು. ಮತ್ಯಾರು?"

ಕೆಳಗೆ ಯರ್ರಮ್ಮ ಗಿರಾಕಿಯೊಬ್ಬರಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದಳು. ದುರುಗಕ್ಕ ಸೆರಗಿನ ತುದಿಯ ಗಂಟನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಂಡಳು. ಮಣ್ಣು ಇನ್ನೂ ಅಲ್ಲೇ ಇತ್ತು.

"ಹೇಳೋಕೆ ಭಯವೇನಪ್ಪ? ದೊಡ್ಡೋರಾ?"

"ಇಲ್ಲ."

"ನಮ್ಮ ಪೈಕಿನೋರಾ?"

ನಾನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದೆ. ಅವಳು ನನ್ನನ್ನೇ ನೋಡಿದಳು, ನೋಡಿ ಯಾಕೋ ಅಲ್ಲಿಗೇ ಬಿಟ್ಟಳು.

"ಇರ್ಲಿ ಬಿಡು. ನಾಳೆ ಕೋರ್ಟಿನಾಗೆ ಹೇಳೀಯಂತೆ. ಮಣ್ಣು ಎಲ್ಲಿ ಹೋಗ್ತೈತೆ. ನಾನು ಬಂದಿದ್ದು ಬ್ಯಾರೆ ಕೇಳಾನ ಅಂತ."

ಕುಪ್ಪಸದೊಳಗಿಂದ ಫೋನು ತೆಗೆದಳು. ಗಾಜು ಬಿರುಕು ಬಿಟ್ಟಿತ್ತು. ಓಬಳೇಶನ ಫೋಟೋ ಇದ್ದ ಕಡೆ ಹೆಬ್ಬೆರಳು ಒತ್ತಿದಳು.

"ನನಗೆ ಓದೋಕೆ ಬರಲ್ಲ. ಇದನ್ನ ಒತ್ತಿ ಮಾತಾಡಿದ್ರೆ ಅದೇ ಬರ್ಕೊಂಡು ಹೋಗ್ತೈತೆ ಅಂತ ಪ್ರಭು ಕಲಿಸಿದ್ದ. ಅವತ್ತು ನನ್ನ ಮಗನ್ನ ಊಟಕ್ಕೆ ಬಾ ಅಂತ ಕರೆದಿದ್ದೆ ಇದ್ರಾಗೆ. ಆ ಮಾತು ಅವನಿಗೆ ಮುಟ್ಟಿತೋ ಇಲ್ಲೋ ಅಂತ ಇವತ್ತಿಗೂ ಹೊಟ್ಟೆನಾಗೆ ಕಡೀತೈತೆ. ಅವ್ವ ಕರೆದ್ಲು ಅಂತ ಗೊತ್ತಾಗಿ ಸತ್ನಾ, ಗೊತ್ತಾಗ್ದೇ ಸತ್ನಾ? ಪ್ರಭುನ ಕೇಳಿದ್ರೆ ಮುಖ ತಿರುಗಿಸ್ಕೊಂತಾನೆ. ನೀನಾದ್ರೂ ಹೇಳು."

ಅವಳು ಫೋನನ್ನು ನನ್ನ ಕೈಯಲ್ಲಿಟ್ಟಳು. ಬಸ್ಸಿನಲ್ಲಿ ನಾನು ಓದಿದ ಅದೇ ಮಾತು ಅಲ್ಲಿತ್ತು, ಅಕ್ಷರ ಅಕ್ಷರವೂ ಅದೇ.

"ಕೆಳಗಡೆ ಸಣ್ಣದಾಗಿ ಏನೋ ಬರೆದೈತಲ್ಲ," ಅಂದಳು ಬಿರುಕಿನ ಮೇಲೆ ಬೆರಳಿಟ್ಟು. "ಅದೇನು ಅಂತ ಓದಪ್ಪ."

ಅಲ್ಲಿ 'ತಲುಪಿದೆ' ಎಂದು ಬರೆದಿತ್ತು.